ಸ್ಪ್ಯಾನಿಷ್‌ನಲ್ಲಿ ‘ಜಾಸ್ತಿ ಆಯ್ತು’ ಅನ್ನುವುದು ಹೇಗೆ?

2024ರಲ್ಲಿ ಸ್ಪೇನ್‌ಗೆ ಸುಮಾರು 9 ಕೋಟಿ 38 ಲಕ್ಷ ವಿದೇಶಿ ಪ್ರವಾಸಿಗರು ಹೋಗಿದ್ದರು. ಆ ದೇಶದ ಜನಸಂಖ್ಯೆ ಆಗ 5 ಕೋಟಿಯನ್ನೂ ಮುಟ್ಟಿರಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳ ಜನ ‘ಕನಾರಿಯಾಸ್ ತ್ಯೇನೆ ಉನ್ ಲೀಮಿತೆ’ ಎಂದು ಬರೆದುಕೊಂಡು ಬೀದಿಗಿಳಿದರು. ಕ್ಯಾನರಿಗೂ ಒಂದು ಮಿತಿ ಇದೆ ಎಂದು ಅರ್ಥ. ಜುಲೈನಲ್ಲಿ ಬಾರ್ಸಿಲೋನಾದಲ್ಲಿ ಮೆರವಣಿಗೆ ನಡೆಯಿತು. ಹೋಟೆಲ್ ಹೊರಗೆ ಊಟಕ್ಕೆ ಕೂತಿದ್ದ ಪ್ರವಾಸಿಗರ ಮೇಲೆ ಕೆಲವರು ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ಆ ವಿಡಿಯೊ ಜಗತ್ತೆಲ್ಲ ಸುತ್ತಿತು.

ಅವರ ದೂರನ್ನು ಸ್ಪ್ಯಾನಿಷ್‌ನಲ್ಲಿ ಎರಡೇ ಪದದಲ್ಲಿ ಹೇಳಬಹುದು: ‘ದೆಮಸಿಯಾದೊಸ್ ತುರೀಸ್ತಾಸ್’. ಪ್ರವಾಸಿಗರು ಜಾಸ್ತಿ ಆದರು.

ಈಗಷ್ಟೇ ಸ್ಪ್ಯಾನಿಷ್ ಕಲಿಯಲು ಶುರು ಮಾಡಿದವರು ಈ ಎರಡು ಪದ ನೋಡಿ ತಡವರಿಸುತ್ತಾರೆ. ಮೊದಲನೆಯದರ ಕೊನೆಯಲ್ಲಿ ‘ಒಸ್’, ಎರಡನೆಯದರ ಕೊನೆಯಲ್ಲಿ ‘ಆಸ್’. ಪದಗಳು ಲಿಂಗದಲ್ಲಿ ಹೊಂದಬೇಕು ಅಂತ ಪಾಠದಲ್ಲಿ ಹೇಳಿರುತ್ತಾರೆ. ಇಲ್ಲಿ ಹೊಂದಿಲ್ಲವಲ್ಲ, ಅಚ್ಚಿನ ತಪ್ಪಾ? ಅಲ್ಲ, ಸರಿಯಾಗಿಯೇ ಇದೆ. ಆದರೆ ಯಾಕೆ ಸರಿ ಅಂತ ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ಮೊಬೈಲ್ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲಿಯುವವರು, ಮೆಕ್ಸಿಕೊ ಅಥವಾ ಸ್ಪೇನ್‌ನ ಗ್ರಾಹಕರ ಜೊತೆ ಕೆಲಸ ಮಾಡುವವರು, ಅಲ್ಲಿಗೆ ಓದಲು ಹೊರಟವರು ಕನ್ನಡಿಗರಲ್ಲೂ ಇದ್ದಾರೆ. ‘ದೆಮಸಿಯಾದೊ’ ಪಾಠಕ್ಕೆ ಬಂದಾಗ ಆ್ಯಪ್ ತಪ್ಪು ಅಂತ ತೋರಿಸುತ್ತದೆ, ಕಾರಣ ಮಾತ್ರ ಹೇಳುವುದಿಲ್ಲ. ಆ ಕಾರಣಗಳನ್ನು ಇಲ್ಲಿ ನೋಡೋಣ.

ಓದುವ ಮುಂಚೆ ಉಚ್ಚಾರಣೆಯ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ. ಅದರಲ್ಲಿ ಬರುವ ಚಿಕ್ಕ ಎ, ಚಿಕ್ಕ ಒ ನಮ್ಮ ಲಿಪಿಯಲ್ಲಿ ಮೊದಲಿಂದಲೂ ಇವೆ. ಹಾಗಾಗಿ ಕನ್ನಡದಲ್ಲಿ ಸ್ಪ್ಯಾನಿಷ್ ಬರೆದುಕೊಳ್ಳುವುದು ಸುಲಭ. ಪದದ ಕೊನೆಗೆ ‘ದಾ’ ಅಂತ ಬರೆದಿದ್ದರೂ ಎಳೆಯಬೇಡಿ, ಗಿಡ್ಡವಾಗಿ ಹೇಳಿ. ಒತ್ತು ಬೀಳುವುದು ‘ದೆಮಸಿಯಾದೊ’ದ ‘ಯಾ’ ಮೇಲೆ. ಕೆಲವು ಅಕ್ಷರಗಳಿಗೆ ಸ್ಪೇನ್‌ನಲ್ಲಿ ‘ಥ’ಕ್ಕೆ ಹತ್ತಿರದ ಉಚ್ಚಾರಣೆ ಇದೆ. ಲ್ಯಾಟಿನ್ ಅಮೆರಿಕದವರು ಅದನ್ನು ‘ಸ’ ಅನ್ನುತ್ತಾರೆ. ಇಲ್ಲಿ ‘ಸ’ವನ್ನೇ ಬರೆದಿದ್ದೇನೆ.

## ತುಂಬಾ ಬೇರೆ, ಜಾಸ್ತಿ ಬೇರೆ

ಪಾಯಸಕ್ಕೆ ತುಂಬಾ ಸಕ್ಕರೆ ಹಾಕಿದ್ದಾರೆ ಅಂದರೆ ಅದು ಹೊಗಳಿಕೆಯೂ ಇರಬಹುದು. ಸಕ್ಕರೆ ಜಾಸ್ತಿ ಆಯ್ತು ಅಂದರೆ ದೂರು. ಸ್ಪ್ಯಾನಿಷ್ ಈ ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ. ‘ಮೂಚೊ’ ಅಂದರೆ ತುಂಬಾ, ಬಹಳ. ‘ದೆಮಸಿಯಾದೊ’ ಅಂದರೆ ಬೇಕಾದ್ದಕ್ಕಿಂತ ಹೆಚ್ಚು, ಮಿತಿ ಮೀರಿದ್ದು.

ಈ ‘ದೆಮಸಿಯಾದೊ’ಗೆ ನಾಲ್ಕು ರೂಪ ಇವೆ. ಪುಲ್ಲಿಂಗ ಏಕವಚನಕ್ಕೆ ‘ದೆಮಸಿಯಾದೊ’, ಸ್ತ್ರೀಲಿಂಗ ಏಕವಚನಕ್ಕೆ ‘ದೆಮಸಿಯಾದಾ’. ಬಹುವಚನಕ್ಕೆ ಎರಡರ ಕೊನೆಗೂ ಒಂದು ‘ಸ್’ ಸೇರಿಸಿದರೆ ಆಯ್ತು: ‘ದೆಮಸಿಯಾದೊಸ್’, ‘ದೆಮಸಿಯಾದಾಸ್’.

ಜಾಸ್ತಿ ಅಕ್ಕಿಗೆ ‘ದೆಮಸಿಯಾದೊ ಅರ್ರೋಸ್’. ಜಾಸ್ತಿ ಉಪ್ಪಿಗೆ ‘ದೆಮಸಿಯಾದಾ ಸಾಲ್’. ಜಾಸ್ತಿ ಪುಸ್ತಕಗಳಿಗೆ ‘ದೆಮಸಿಯಾದೊಸ್ ಲೀಬ್ರೊಸ್’. ಜಾಸ್ತಿ ಮೇಜುಗಳಿಗೆ ‘ದೆಮಸಿಯಾದಾಸ್ ಮೇಸಾಸ್’.

ಕನ್ನಡದಲ್ಲಿ ಇದೆಲ್ಲಕ್ಕೂ ಒಂದೇ ‘ಜಾಸ್ತಿ’ ಸಾಕು. ನಮ್ಮ ವಿಶೇಷಣಗಳು ಯಾರ ಪಕ್ಕ ಕೂತರೂ ಬದಲಾಗುವುದಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಊಟ. ಲಿಂಗ ಕಾಣುವುದು ಕ್ರಿಯಾಪದದಲ್ಲಿ: ಬಂದನು, ಬಂದಳು, ಬಂದಿತು. ಸ್ಪ್ಯಾನಿಷ್‌ನಲ್ಲಿ ಸರಿಯಾಗಿ ಉಲ್ಟಾ. ಅಲ್ಲಿ ಬಂದವರು ಗಂಡಾದರೂ ಹೆಣ್ಣಾದರೂ ‘ಬಂದ’ ಅನ್ನುವ ಕ್ರಿಯಾಪದ ಒಂದೇ. ಬದಲಾಗುವುದು ವಿಶೇಷಣ. ನಾವು ಗಮನ ಇಟ್ಟು ರೂಢಿಯಾದ ಜಾಗದಲ್ಲಿ ಏನೂ ನಡೆಯುವುದಿಲ್ಲ, ನಾವು ನೋಡದ ಜಾಗದಲ್ಲಿ ಎಲ್ಲವೂ ನಡೆಯುತ್ತದೆ.

## ಉಪ್ಪು ಹೆಣ್ಣು, ಅಕ್ಕಿ ಗಂಡು ಯಾಕೆ?

ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ಕುರ್ಚಿ ಎಲ್ಲ ನಪುಂಸಕಲಿಂಗ. ಸ್ಪ್ಯಾನಿಷ್‌ನಲ್ಲಿ ನಾಮಪದಕ್ಕೆ ಆ ಮೂರನೆಯ ಖಾನೆಯೇ ಇಲ್ಲ. ಅದರ ತಾಯಿ ಭಾಷೆ ಲ್ಯಾಟಿನ್‌ನಲ್ಲಿ ಮೂರು ಲಿಂಗ ಇದ್ದವು. ಕಾಲ ಕಳೆದಂತೆ ನಪುಂಸಕ ಕರಗಿ ಬಹುಪಾಲು ಪುಲ್ಲಿಂಗದೊಳಗೆ ಸೇರಿಹೋಯಿತು. ಹಾಗಾಗಿ ಮೇಜು, ಮೋಡ, ಮೊಬೈಲ್ ಎಲ್ಲವೂ ಎರಡರಲ್ಲಿ ಒಂದು ಕಡೆ ನಿಲ್ಲಲೇಬೇಕು.

ಈ ಲಿಂಗ ವಸ್ತುವಿನ ಗುಣ ಅಲ್ಲ, ಪದದ ಗುಣ. ನಮ್ಮ ಹೆಸರಿನ ಮುಂದಿನ ಇನಿಷಿಯಲ್ ಇದ್ದ ಹಾಗೆ. ‘ಕೆ.’ ಅಂತ ಇನಿಷಿಯಲ್ ಇದ್ದರೆ ಆ ಮನುಷ್ಯನ ಸ್ವಭಾವ ಏನೂ ತಿಳಿಯುವುದಿಲ್ಲ. ಆದರೆ ಅರ್ಜಿ ತುಂಬುವಾಗ ಅದನ್ನು ಬಿಡುವ ಹಾಗಿಲ್ಲ.

ವಸ್ತು ಒಂದೇ ಇದ್ದು ಪದ ಬದಲಾದರೆ ಲಿಂಗವೂ ಬದಲಾಗುತ್ತದೆ ಅನ್ನುವುದೇ ಇದಕ್ಕೆ ಸಾಕ್ಷಿ. ಹಣಕ್ಕೆ ಸ್ಪ್ಯಾನಿಷ್‌ನಲ್ಲಿ ‘ದಿನೇರೊ’ ಎನ್ನುತ್ತಾರೆ, ಪುಲ್ಲಿಂಗ. ಲ್ಯಾಟಿನ್ ಅಮೆರಿಕದ ಎಷ್ಟೋ ಕಡೆ ಮಾತಿನಲ್ಲಿ ಅದನ್ನೇ ‘ಪ್ಲಾತಾ’ ಅಂದುಬಿಡುತ್ತಾರೆ. ಬೆಳ್ಳಿ ಎಂದು ಅದರ ಮೂಲ ಅರ್ಥ, ಸ್ತ್ರೀಲಿಂಗ. ‘ದೆಮಸಿಯಾದೊ ದಿನೇರೊ’ ಅಂದರೂ ‘ದೆಮಸಿಯಾದಾ ಪ್ಲಾತಾ’ ಅಂದರೂ ಜೇಬಿನಲ್ಲಿರುವುದು ಅದೇ ದುಡ್ಡು. ಕಂಪ್ಯೂಟರ್‌ಗೆ ಸ್ಪೇನ್‌ನಲ್ಲಿ ‘ಒರ್ದೆನದೋರ್’, ಪುಲ್ಲಿಂಗ. ಮೆಕ್ಸಿಕೊದಲ್ಲಿ ‘ಕೊಂಪುತದೋರಾ’, ಸ್ತ್ರೀಲಿಂಗ. ಮಕ್ಕಳ ಹೋಮ್‌ವರ್ಕ್ ಇನ್ನೂ ಮಜಾ. ಸ್ಪೇನ್‌ನಲ್ಲಿ ಅದು ‘ದೆಬೇರೆಸ್’, ಪುಲ್ಲಿಂಗ ಬಹುವಚನ. ಅಲ್ಲಿನ ಮಗು ‘ದೆಮಸಿಯಾದೊಸ್ ದೆಬೇರೆಸ್’ ಅಂತ ಗೊಣಗಿದರೆ ಮೆಕ್ಸಿಕೊದ ಮಗು ‘ದೆಮಸಿಯಾದಾ ತರೇಆ’ ಅನ್ನುತ್ತದೆ. ಲಿಂಗ ಬೇರೆ, ವಚನ ಬೇರೆ, ಗೋಳು ಒಂದೇ.

ಶಾಲೆಯಲ್ಲಿ ಹಿಂದಿ ಓದಿದವರಿಗೆ ಈ ಕಷ್ಟ ಹೊಸದಲ್ಲ. ಅಲ್ಲಿಯೂ ‘ಇತನಾ ನಮಕ್’, ಆದರೆ ‘ಇತನೀ ಚೀನೀ’. ಹಿಂದಿಯಿಂದ ಲಿಂಗವನ್ನು ಸಾಲ ತರಬಹುದು ಅಂದುಕೊಳ್ಳಬೇಡಿ. ಹಿಂದಿಯಲ್ಲಿ ಉಪ್ಪು ಪುಲ್ಲಿಂಗ, ಸ್ಪ್ಯಾನಿಷ್‌ನಲ್ಲಿ ಸ್ತ್ರೀಲಿಂಗ. ಅಕ್ಕಪಕ್ಕದ ಭಾಷೆಗಳೂ ಸಹಾಯಕ್ಕೆ ಬರುವುದಿಲ್ಲ. ಫ್ರೆಂಚ್, ಇಟಾಲಿಯನ್, ಪೋರ್ಚುಗೀಸ್ ಮೂರರಲ್ಲೂ ಉಪ್ಪು ಮತ್ತು ಹಾಲು ಪುಲ್ಲಿಂಗ, ಸ್ಪ್ಯಾನಿಷ್‌ನಲ್ಲಿ ಮಾತ್ರ ಎರಡೂ ಸ್ತ್ರೀಲಿಂಗ.

ಪದದ ಕೊನೆಯ ಅಕ್ಷರ ಸ್ವಲ್ಪ ಸುಳಿವು ಕೊಡುತ್ತದೆ. ‘ಒ’ದಲ್ಲಿ ಮುಗಿದರೆ ಹೆಚ್ಚಾಗಿ ಪುಲ್ಲಿಂಗ, ‘ಆ’ದಲ್ಲಿ ಮುಗಿದರೆ ಹೆಚ್ಚಾಗಿ ಸ್ತ್ರೀಲಿಂಗ. ‘ಸ್ಯೋನ್’, ‘ದಾದ್’ ಎಂದು ಮುಗಿಯುವ ಪದಗಳು ಸ್ತ್ರೀಲಿಂಗ: ‘ದೆಮಸಿಯಾದಾ ಇನ್‌ಫೊರ್ಮಸ್ಯೋನ್’, ಜಾಸ್ತಿ ಮಾಹಿತಿ. ಉಳಿದದ್ದನ್ನು ಪದದ ಜೊತೆಗೇ ಕಲಿಯಬೇಕು, ಬೇರೆ ದಾರಿ ಇಲ್ಲ. ‘ಸಾಲ್’ ಅಂತ ಒಂಟಿಯಾಗಿ ಬಾಯಿಪಾಠ ಮಾಡದೆ ‘ಲಾ ಸಾಲ್’ ಅಂತಲೇ ಮಾಡಿಕೊಂಡರೆ ಲಿಂಗ ತಾನಾಗಿ ಜೊತೆಗೆ ಬರುತ್ತದೆ. ಹೆಣ್ಣು ಪದದ ಮುಂದೆ ‘ಲಾ’, ಗಂಡು ಪದದ ಮುಂದೆ ‘ಎಲ್’.

## ಬದಲಾಗದ ‘ದೆಮಸಿಯಾದೊ’

ಇಲ್ಲಿಯವರೆಗೆ ಸುಲಭ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ.

ಸ್ಪೇನ್‌ನ ವಲೆನ್ಸಿಯಾ ಕಡೆಯ ಅನ್ನದ ಅಡುಗೆ ಪಯೇಯಾ. ಅದಕ್ಕೆ ಉಪ್ಪು ಜಾಸ್ತಿ ಆಗಿದೆ ಅನ್ನಿ. ಅದನ್ನು ಎರಡು ರೀತಿ ಹೇಳಬಹುದು.

‘ಲಾ ಪಯೇಯಾ ತ್ಯೇನೆ ದೆಮಸಿಯಾದಾ ಸಾಲ್.’ ಪಯೇಯಾದಲ್ಲಿ ಉಪ್ಪು ಜಾಸ್ತಿ ಇದೆ.

‘ಲಾ ಪಯೇಯಾ ಎಸ್ತಾ ದೆಮಸಿಯಾದೊ ಸಲಾದಾ.’ ಪಯೇಯಾ ವಿಪರೀತ ಉಪ್ಪಾಗಿದೆ.

ಮೊದಲನೆಯದರಲ್ಲಿ ‘ದಾ’, ಎರಡನೆಯದರಲ್ಲಿ ‘ದೊ’. ಎರಡನೆಯ ವಾಕ್ಯದಲ್ಲಿ ಪಯೇಯಾ ಸ್ತ್ರೀಲಿಂಗ, ‘ಸಲಾದಾ’ ಕೂಡ ಸ್ತ್ರೀಲಿಂಗ ರೂಪ. ಸುತ್ತ ಎಲ್ಲರೂ ‘ಆ’ ಅನ್ನುತ್ತಿರುವಾಗ ನಡುವಿನ ಈ ಪದ ಮಾತ್ರ ‘ಒ’ ಅನ್ನುತ್ತಿದೆ.

ಕಾರಣ ಇದು. ಮೊದಲ ವಾಕ್ಯದಲ್ಲಿ ಜಾಸ್ತಿ ಆಗಿರುವುದು ಉಪ್ಪು, ಒಂದು ವಸ್ತು, ನಾಮಪದ. ನಾಮಪದಕ್ಕೆ ಲಿಂಗ ಇದೆ, ಅದರ ಪಕ್ಕ ನಿಂತ ಪದ ಅದಕ್ಕೆ ಹೊಂದಿಕೊಳ್ಳುತ್ತದೆ. ಎರಡನೆಯದರಲ್ಲಿ ಜಾಸ್ತಿ ಆಗಿರುವುದು ಉಪ್ಪಾಗಿರುವಿಕೆ, ಅಂದರೆ ಒಂದು ಗುಣ. ‘ಎಷ್ಟು ಉಪ್ಪು ಹಾಕಿದ್ದಾರೆ’ ಅನ್ನುವ ಪ್ರಶ್ನೆ ಅಲ್ಲ, ‘ಎಷ್ಟರ ಮಟ್ಟಿಗೆ ಉಪ್ಪಾಗಿದೆ’ ಅನ್ನುವ ಪ್ರಶ್ನೆ. ಗುಣದ ಮಟ್ಟ ಹೇಳುವ ಪದಕ್ಕೆ ಹೊಂದಿಕೊಳ್ಳಲು ಯಾವ ನಾಮಪದವೂ ಇಲ್ಲ. ಅದಕ್ಕೇ ಅದು ಮೂಲ ರೂಪದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ವ್ಯಾಕರಣದಲ್ಲಿ ಇದನ್ನು ಕ್ರಿಯಾವಿಶೇಷಣ ಅನ್ನುತ್ತಾರೆ. ಹೆಸರು ನೆನಪಿಲ್ಲದಿದ್ದರೂ ನಡೆಯುತ್ತದೆ.

ಕ್ರಿಯಾಪದದ ಜೊತೆ ಬಂದಾಗಲೂ ಹೀಗೆಯೇ. ‘ಆಬ್ಲಾಸ್ ದೆಮಸಿಯಾದೊ’, ನೀನು ಜಾಸ್ತಿ ಮಾತಾಡ್ತೀಯ. ಹೇಳಿಸಿಕೊಳ್ಳುವವರು ಹೆಣ್ಣಾದರೂ ಗಂಡಾದರೂ ‘ದೊ’ ಬದಲಾಗದು. ‘ಎಸ್ ದೆಮಸಿಯಾದೊ ತಾರ್ದೆ’, ವಿಪರೀತ ತಡವಾಗಿ ಹೋಯಿತು. ಇಲ್ಲಿಯೂ ‘ದೊ’. ಸುಸ್ತಾದ ಹೆಂಗಸು ‘ಎಸ್ತೋಯ್ ದೆಮಸಿಯಾದೊ ಕನ್ಸಾದಾ’ ಅನ್ನುತ್ತಾಳೆ. ‘ಸುಸ್ತಾದ’ ಅನ್ನುವ ಪದ ‘ಕನ್ಸಾದಾ’ ಆಯಿತು, ಆದರೆ ‘ದೆಮಸಿಯಾದೊ’ ಕದಲಲಿಲ್ಲ.

ಪರೀಕ್ಷಿಸಿ ನೋಡಲು ಒಂದು ಉಪಾಯ ಇದೆ. ಸ್ಪ್ಯಾನಿಷ್‌ನಲ್ಲಿ ‘ತುಂಬಾ’ ಅನ್ನಲು ಎರಡು ಪದ ಇವೆ. ಗುಣದ ಮುಂದೆ ‘ಮುಯ್’, ನಾಮಪದದ ಮುಂದೆ ‘ಮೂಚೊ’ ಮತ್ತು ಅದರ ನಾಲ್ಕು ರೂಪಗಳು. ನೀವು ಹೇಳಬೇಕೆಂದಿರುವ ವಾಕ್ಯದಲ್ಲಿ ಜಾಸ್ತಿಯ ಜಾಗಕ್ಕೆ ‘ಮುಯ್’ ಹಾಕಿ ನೋಡಿ. ‘ಮುಯ್ ಸಲಾದಾ’, ಸರಿ ಕೂಡುತ್ತದೆ. ಹಾಗಿದ್ದರೆ ‘ದೆಮಸಿಯಾದೊ’ ಬದಲಾಗುವುದಿಲ್ಲ. ‘ಮುಯ್ ಸಾಲ್’ ಅನ್ನಲು ಆಗುವುದಿಲ್ಲ, ‘ಮೂಚಾ ಸಾಲ್’ ಅನ್ನಬೇಕು. ಹಾಗಿದ್ದರೆ ‘ದೆಮಸಿಯಾದಾ’. ಜಾಸ್ತಿ ಆದದ್ದು ಕ್ರಿಯೆಯೇ ಆಗಿದ್ದರೆ ಈ ಪರೀಕ್ಷೆಯ ಅಗತ್ಯವೇ ಇಲ್ಲ, ಅಲ್ಲಿ ಯಾವಾಗಲೂ ‘ದೊ’.

ಬಾರ್ಸಿಲೋನಾದ ಜಗಳದಲ್ಲೇ ಎರಡೂ ಬಳಕೆ ಒಟ್ಟಿಗೆ ಸಿಗುತ್ತವೆ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಮನೆಗಳು ಹೆಚ್ಚಿದ್ದರಿಂದ ಊರಿನವರಿಗೆ ಮನೆ ಸಿಗುತ್ತಿಲ್ಲ ಅನ್ನುವುದು ಅಲ್ಲಿನವರ ದೂರು. 2024ರ ಜೂನ್‌ನಲ್ಲಿ ಮೇಯರ್ ಜೌಮೆ ಕೊಲ್ಬೋನಿ, ಇಂಥ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗೊಳಿಸುವುದಾಗಿ ಹೇಳಿದರು. ಈ ಇಡೀ ಕಥೆ ಸ್ಪ್ಯಾನಿಷ್‌ನಲ್ಲಿ ಹೀಗೆ: ‘ದೆಮಸಿಯಾದೊಸ್ ತುರೀಸ್ತಾಸ್, ಕಾಸಾಸ್ ದೆಮಸಿಯಾದೊ ಕಾರಾಸ್’. ಪ್ರವಾಸಿಗರು ಜಾಸ್ತಿ, ಮನೆಗಳು ವಿಪರೀತ ದುಬಾರಿ. ಮೊದಲನೆಯದು ನಾಮಪದಕ್ಕೆ ಅಂಟಿದೆ, ಬಹುವಚನದ ‘ಸ್’ ಪಡೆದಿದೆ. ಎರಡನೆಯದು ‘ದುಬಾರಿ’ ಅನ್ನುವ ಗುಣಕ್ಕೆ ಅಂಟಿದೆ, ಬದಲಾಗಿಲ್ಲ.

ಇಲ್ಲಿ ಅತಿ ಹುರುಪಿನಿಂದ ಎಲ್ಲವನ್ನೂ ಹೊಂದಿಸಲು ಹೋಗಿ ‘ದೆಮಸಿಯಾದಾಸ್ ಕಾರಾಸ್’ ಅಂದರೆ ಅರ್ಥವೇ ಬೇರೆ ಆಗುತ್ತದೆ. ‘ಕಾರಾ’ ಅಂದರೆ ದುಬಾರಿಯೂ ಹೌದು, ಮುಖವೂ ಹೌದು. ಕೇಳಿದವರಿಗೆ ‘ಮುಖಗಳು ಜಾಸ್ತಿ’ ಅನಿಸುತ್ತದೆ.

ಒಂದೇ ಸಾಲಿನಲ್ಲಿ ನಾಮಪದ, ಗುಣ ಎರಡೂ ಇದ್ದರೆ? ‘ದೆಮಸಿಯಾದಾಸ್ ಮಾಲಾಸ್ ನೊತೀಸಿಯಾಸ್’ ಅಂದರೆ ಕೆಟ್ಟ ಸುದ್ದಿಗಳ ಸಂಖ್ಯೆ ಜಾಸ್ತಿ. ‘ನೊತೀಸಿಯಾಸ್ ದೆಮಸಿಯಾದೊ ಮಾಲಾಸ್’ ಅಂದರೆ ಸುದ್ದಿ ಒಂದೆರಡೇ ಇರಬಹುದು, ಆದರೆ ವಿಪರೀತ ಕೆಟ್ಟದ್ದು. ಒಂದು ಸ್ವರ ಮತ್ತು ಒಂದು ‘ಸ್’, ಎಷ್ಟು ಕೆಲಸ ಮಾಡುತ್ತವೆ ನೋಡಿ.

ಇದು ಹೊರಗಿನವರಿಗೆ ಮಾತ್ರ ಕಷ್ಟ ಅಂತಲ್ಲ. ‘ಅರ್ಧ’ ಅನ್ನುವ ‘ಮೇದಿಯೊ’ ಕೂಡ ಇದೇ ಜಾತಿಯ ಪದ. ‘ಸ್ವಲ್ಪ ಸುಸ್ತು’ ಅನ್ನಲು ಹೆಂಗಸರು ‘ಮೇದಿಯೊ ಕನ್ಸಾದಾ’ ಅನ್ನಬೇಕು. ಸ್ಪ್ಯಾನಿಷ್ ಮನೆಮಾತಾದವರಲ್ಲೂ ಎಷ್ಟೋ ಜನ ‘ಮೇದಿಯಾ ಕನ್ಸಾದಾ’ ಅಂದುಬಿಡುತ್ತಾರೆ.

## ಹಸಿವು, ಬಾಯಾರಿಕೆ: ಇಲ್ಲಿ ಕನ್ನಡವೇ ಮೇಲು

ಹೆಚ್ಚಿನ ಆ್ಯಪ್‌ಗಳು ನಮಗೆ ಸ್ಪ್ಯಾನಿಷ್ ಕಲಿಸುವುದು ಇಂಗ್ಲಿಷ್ ಮೂಲಕ. ಅದರಿಂದ ಒಂದು ತೊಂದರೆ ಇದೆ. ಇಂಗ್ಲಿಷ್‌ನಲ್ಲಿ ಹಸಿದಿರುವುದು, ಬಾಯಾರಿರುವುದು, ನಿದ್ದೆಗಣ್ಣಾಗಿರುವುದು ಎಲ್ಲ ಮನುಷ್ಯನ ಗುಣಗಳು. ಸ್ಪ್ಯಾನಿಷ್‌ನಲ್ಲಿ ಅವು ಗುಣ ಅಲ್ಲ, ನಾಮಪದ. ‘ತೇಂಗೊ ಆಂಬ್ರೆ’ ಅಂದರೆ ನನ್ನ ಹತ್ತಿರ ಹಸಿವು ಇದೆ. ಇಂಗ್ಲಿಷ್‌ನಲ್ಲಿ ಯೋಚಿಸಿ ಬಂದವರು ಹಸಿವನ್ನು ಗುಣ ಅಂದುಕೊಂಡು ‘ಮುಯ್ ಆಂಬ್ರೆ’ ಅನ್ನುತ್ತಾರೆ. ಅದು ತಪ್ಪು.

ಕನ್ನಡದಲ್ಲಿ ನಾವೇನು ಹೇಳುತ್ತೇವೆ? ‘ನನಗೆ ಹಸಿವು’, ‘ನನಗೆ ಬಾಯಾರಿಕೆ’, ‘ನನಗೆ ನಿದ್ದೆ’, ‘ನನಗೆ ಭಯ’. ಎಲ್ಲ ನಾಮಪದಗಳೇ. ಸ್ಪ್ಯಾನಿಷ್ ಕೂಡ ಹೀಗೆಯೇ ಯೋಚಿಸುತ್ತದೆ. ಆದ್ದರಿಂದ ಇಂಗ್ಲಿಷನ್ನು ದಾಟಿಕೊಂಡು ಹೋಗುವ ಬದಲು ಕನ್ನಡದಿಂದ ನೇರ ಹೊರಟರೆ ಉತ್ತರ ತಾನಾಗಿ ಸಿಗುತ್ತದೆ. ನಾಮಪದ ಅಂದ ಮೇಲೆ ಲಿಂಗ ಇದೆ, ಹೊಂದಿಸಬೇಕು. ಹಸಿವು ಸ್ತ್ರೀಲಿಂಗ, ‘ದೆಮಸಿಯಾದಾ ಆಂಬ್ರೆ’. ಬಾಯಾರಿಕೆಯೂ ಸ್ತ್ರೀಲಿಂಗ, ‘ದೆಮಸಿಯಾದಾ ಸೆದ್’. ಅವಸರ ಕೂಡ, ‘ದೆಮಸಿಯಾದಾ ಪ್ರೀಸಾ’. ನಿದ್ದೆ ಮತ್ತು ಭಯ ಪುಲ್ಲಿಂಗ: ‘ದೆಮಸಿಯಾದೊ ಸ್ವೇನ್ಯೊ’, ‘ದೆಮಸಿಯಾದೊ ಮ್ಯೇದೊ’.

ಹವಾಮಾನವೂ ಇದೇ ದಾರಿ. ಸೆಕೆ ಅನ್ನುವ ‘ಕಲೋರ್’ ಪುಲ್ಲಿಂಗ. ‘ಆಸೆ ದೆಮಸಿಯಾದೊ ಕಲೋರ್’, ವಿಪರೀತ ಸೆಕೆ. ಆದರೆ ನೀರು ಜಾಸ್ತಿ ಬಿಸಿ ಇದೆ ಅನ್ನುವಾಗ ಬಿಸಿ ಎನ್ನುವುದು ನೀರಿನ ಗುಣ: ‘ಎಲ್ ಆಗ್ವಾ ಎಸ್ತಾ ದೆಮಸಿಯಾದೊ ಕಲ್ಯೇಂತೆ’. ಖಾರಕ್ಕೆ ‘ಕಲ್ಯೇಂತೆ’ ಬಳಸಬೇಡಿ, ಅದು ಬರೀ ಬಿಸಿ. ಖಾರ ಅಂದರೆ ‘ಪಿಕಾಂತೆ’. ಮೆಕ್ಸಿಕೊದಲ್ಲಿ ನಮ್ಮವರಿಗೂ ‘ದೆಮಸಿಯಾದೊ ಪಿಕಾಂತೆ’ ಅನ್ನುವ ಸಂದರ್ಭ ಬರಬಹುದು.

## ವೇಷ ಮರೆಸಿದ ಪದಗಳು

ಈಗ ‘ತುರೀಸ್ತಾ’ ವಿಷಯ. ‘ಈಸ್ತಾ’ ಎಂದು ಮುಗಿಯುವ ಪದಗಳು ಮನುಷ್ಯರ ಕೆಲಸ, ಅಭ್ಯಾಸ, ನಂಬಿಕೆಯನ್ನು ಹೇಳುತ್ತವೆ. ಪದದ ರೂಪ ಗಂಡಿಗೂ ಹೆಣ್ಣಿಗೂ ಒಂದೇ. ಲಿಂಗ ಗೊತ್ತಾಗುವುದು ಪಕ್ಕದ ಪದದಿಂದ ಮಾತ್ರ. ‘ದೆಮಸಿಯಾದಾಸ್ ತುರೀಸ್ತಾಸ್’ ಅಂದರೆ ಬಂದ ಪ್ರವಾಸಿಗರೆಲ್ಲ ಹೆಂಗಸರೇ ಅಂತ ಅರ್ಥ. ಗಂಡಸರು, ಹೆಂಗಸರು ಬೆರೆತ ಗುಂಪಿಗೆ ಸ್ಪ್ಯಾನಿಷ್ ಪುಲ್ಲಿಂಗ ಬಹುವಚನ ಬಳಸುತ್ತದೆ. ಹಾಗಾಗಿ ‘ದೆಮಸಿಯಾದೊಸ್ ತುರೀಸ್ತಾಸ್’ ಸರಿ. ಪತ್ರಕರ್ತರಿಗೂ (‘ಪೆರ್ಯೊದೀಸ್ತಾಸ್’), ಹಲ್ಲಿನ ಡಾಕ್ಟರುಗಳಿಗೂ (‘ದೆಂತೀಸ್ತಾಸ್’) ಇದೇ ಲೆಕ್ಕ.

ಇನ್ನೊಂದು ಗುಂಪು ‘ಮಾ’ದಲ್ಲಿ ಮುಗಿಯುವ ಗ್ರೀಕ್ ಮೂಲದ ಪದಗಳದ್ದು. ‘ಪ್ರೊಬ್ಲೇಮಾ’, ‘ಸಿಸ್ತೇಮಾ’, ‘ಇದ್ಯೋಮಾ’ ಅಂದರೆ ಸಮಸ್ಯೆ, ವ್ಯವಸ್ಥೆ, ಭಾಷೆ. ಕೊನೆಯಲ್ಲಿ ‘ಆ’ ಇದ್ದರೂ ಇವು ಪುಲ್ಲಿಂಗ. ‘ದೆಮಸಿಯಾದೊಸ್ ಪ್ರೊಬ್ಲೇಮಾಸ್’. ದಿನ ಅನ್ನುವ ‘ದೀಯಾ’ ಕೂಡ ಪುಲ್ಲಿಂಗ. ಉಲ್ಟಾ ಕಡೆ, ಕೈ ಅನ್ನುವ ‘ಮಾನೊ’ ಕೊನೆಗೆ ‘ಒ’ ಇಟ್ಟುಕೊಂಡೂ ಸ್ತ್ರೀಲಿಂಗ. ‘ಫೋತೊ’, ‘ಮೋತೊ’ ಸ್ತ್ರೀಲಿಂಗ, ಯಾಕಂದರೆ ಅವು ‘ಫೊತೊಗ್ರಾಫೀಯಾ’, ‘ಮೊತೊಸಿಕ್ಲೇತಾ’ ಅನ್ನುವ ಉದ್ದ ಪದಗಳ ತುಂಡುಗಳು. ಫೋನ್ ಮೆಮೊರಿ ತುಂಬಿದರೆ ‘ದೆಮಸಿಯಾದಾಸ್ ಫೋತೊಸ್’.

ನೀರಿನ ಕಥೆ ಸ್ವಲ್ಪ ನಿಧಾನವಾಗಿ ಕೇಳಬೇಕು. ‘ಆಗ್ವಾ’ ಸ್ತ್ರೀಲಿಂಗ. ಆದರೂ ಜನ ‘ಲಾ ಆಗ್ವಾ’ ಅನ್ನುವುದಿಲ್ಲ, ‘ಎಲ್ ಆಗ್ವಾ’ ಅನ್ನುತ್ತಾರೆ. ಎರಡು ‘ಆ’ಗಳು ಡಿಕ್ಕಿ ಹೊಡೆಯಬಾರದು ಅಂತ ಈಚೆಗೆ ಮಾಡಿಕೊಂಡ ಏರ್ಪಾಡು ಅಂತ ಅನಿಸುತ್ತದೆ. ಅಸಲು ಕಥೆ ಹಳೆಯದು. ‘ಅದು’ ಅನ್ನುವ ಲ್ಯಾಟಿನ್‌ನ ಸ್ತ್ರೀಲಿಂಗ ಪದ ‘ಇಲ್ಲಾ’ ಮೊದಲು ‘ಏಲಾ’ ಆಯಿತು. ಹೆಚ್ಚಿನ ಕಡೆ ಅದರ ಮೊದಲ ಸ್ವರ ಉದುರಿ ‘ಲಾ’ ಉಳಿಯಿತು. ಒತ್ತಿ ಹೇಳುವ ‘ಆ’ ನಂತರ ಬಂದಾಗ ಮಾತ್ರ ಕೊನೆಯ ಸ್ವರ ಉದುರಿ ‘ಎಲ್’ ಉಳಿಯಿತು. ಅಂದರೆ ‘ಎಲ್ ಆಗ್ವಾ’ದ ‘ಎಲ್’ ನೋಡಲು ಗಂಡು, ಹುಟ್ಟಿನಿಂದ ಹೆಣ್ಣೇ. ಹಸಿವು ಅನ್ನುವ ‘ಆಂಬ್ರೆ’ಯದೂ ಇದೇ ಕಥೆ.

ಈ ಬದಲಾವಣೆ ‘ಎಲ್’ ಮತ್ತು ‘ಉನ್’ (ಒಂದು) ತರಹದ ಪುಟ್ಟ ಪದಗಳಿಗೆ ಸೀಮಿತ. ‘ದೆಮಸಿಯಾದೊ’ಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಜಾಸ್ತಿ ನೀರು ‘ದೆಮಸಿಯಾದಾ ಆಗ್ವಾ’. ಸ್ಪೇನ್‌ನಲ್ಲೇ ‘ಮೂಚೊ ಆಗ್ವಾ’, ‘ದೆಮಸಿಯಾದೊ ಆಗ್ವಾ’ ಅನ್ನುವವರು ಬೇಕಾದಷ್ಟು ಜನ. 1713ರಲ್ಲಿ ಹುಟ್ಟಿದ ಅಲ್ಲಿನ ಭಾಷಾ ಅಕಾಡೆಮಿ ಅದನ್ನು ಒಪ್ಪುವುದಿಲ್ಲ.

ಸಕ್ಕರೆಯ ವಿಷಯದಲ್ಲಿ ಮಾತ್ರ ಆರಾಮಾಗಿರಬಹುದು. ‘ಅಸೂಕಾರ್’ ಎರಡೂ ಲಿಂಗದಲ್ಲಿ ನಡೆಯುತ್ತದೆ. ‘ದೆಮಸಿಯಾದೊ ಅಸೂಕಾರ್’ ಅಂದರೂ ಸರಿ, ‘ದೆಮಸಿಯಾದಾ ಅಸೂಕಾರ್’ ಅಂದರೂ ಸರಿ.

## ‘ಸ್’ ಯಾವಾಗ ಬೇಕು?

ಲಿಂಗದಷ್ಟೇ ನಮ್ಮನ್ನು ಕಾಡುವುದು ವಚನ. ಕನ್ನಡದ ಮಾತಿನಲ್ಲಿ ‘ಹತ್ತು ಪುಸ್ತಕ’, ‘ಎರಡು ಮನೆ’, ‘ಜಾಸ್ತಿ ಕಾರು’ ಅಂದರೆ ಸಾಕು. ‘ಗಳು’ ಹಚ್ಚದಿದ್ದರೆ ಯಾರೂ ಕೇಳುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಎಣಿಸಬಹುದಾದ್ದಕ್ಕೆಲ್ಲ ‘ಸ್’ ಬೇಕೇ ಬೇಕು, ಅದೂ ಎರಡು ಕಡೆ: ‘ದೆಮಸಿಯಾದೊಸ್ ಕೋಚೆಸ್’. ಎಣಿಸಲಾಗದ ಅಕ್ಕಿ, ಎಣ್ಣೆ, ಸದ್ದು, ಸಮಯಕ್ಕೆ ಏಕವಚನ.

‘ಜನ’ದಲ್ಲಿ ಎಚ್ಚರ ಇರಲಿ. ನಾವು ‘ಜನ ಬಂದರು’ ಅಂತ ಬಹುವಚನ ಮಾಡುತ್ತೇವೆ. ಸ್ಪ್ಯಾನಿಷ್‌ನ ‘ಹೆಂತೆ’ ಏಕವಚನ, ಸ್ತ್ರೀಲಿಂಗ. ಮೈದಾನದಲ್ಲಿ ಲಕ್ಷ ಜನ ಸೇರಿದ್ದರೂ ‘ಆಯ್ ದೆಮಸಿಯಾದಾ ಹೆಂತೆ’. ಅವರಲ್ಲಿ ಮುಕ್ಕಾಲು ಗಂಡಸರಿದ್ದರೂ ‘ದಾ’.

ಎರಡು ನಾಮಪದ ಒಟ್ಟಿಗೆ ಬಂದರೆ ಹತ್ತಿರದ್ದಕ್ಕೆ ಹೊಂದಿಸಿದರೆ ಮುಗಿಯಿತು. ಎಣ್ಣೆ ಪುಲ್ಲಿಂಗ, ಉಪ್ಪು ಸ್ತ್ರೀಲಿಂಗ. ‘ದೆಮಸಿಯಾದೊ ಅಸೇಯ್ತೆ ಇ ಸಾಲ್’, ಆದರೆ ‘ದೆಮಸಿಯಾದಾ ಸಾಲ್ ಇ ಅಸೇಯ್ತೆ’.

ಕೆಲವೊಮ್ಮೆ ನಾಮಪದವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಕುರ್ಚಿ ಇದೆಯಾ ಅಂತ ಕೇಳಿದರೆ ‘ಆಯ್ ದೆಮಸಿಯಾದಾಸ್’, ಬೇಕಾದ್ದಕ್ಕಿಂತ ಜಾಸ್ತಿಯೇ ಇವೆ. ಕುರ್ಚಿ ಸ್ತ್ರೀಲಿಂಗ, ಹೇಳದಿದ್ದರೂ ಅದರ ಲಿಂಗ ಉತ್ತರದಲ್ಲಿ ಉಳಿದಿದೆ. ಕಾರಿನಲ್ಲಿ ಜಾಗ ಸಾಲದಿದ್ದರೆ ‘ಸೋಮೊಸ್ ದೆಮಸಿಯಾದೊಸ್’, ನಾವು ಜಾಸ್ತಿ ಜನ ಆದೆವು. ಎಲ್ಲರೂ ಹೆಂಗಸರಾಗಿದ್ದರೆ ‘ದೆಮಸಿಯಾದಾಸ್’. ಊಟ ಆದ ಮೇಲೆ ‘ಕೊಮೀ ದೆಮಸಿಯಾದೊ’ ಅಂದರೆ ಒಟ್ಟಾರೆ ಜಾಸ್ತಿ ತಿಂದೆ. ಎಂಪನಾದಾ ಅನ್ನುವ ಕಡುಬಿನ ಮಾತು ನಡೆಯುತ್ತಿದ್ದಾಗ ‘ಕೊಮೀ ದೆಮಸಿಯಾದಾಸ್’ ಅಂದರೆ ಕಡುಬುಗಳನ್ನು ಲೆಕ್ಕ ಮೀರಿ ತಿಂದೆ.

## ಲಿಂಗ ಗೊತ್ತಿಲ್ಲದಾಗ

ಮಾತಿನ ಮಧ್ಯೆ ಪದದ ಲಿಂಗ ಮರೆತುಹೋಗುವುದು ಸಹಜ. ಆಗ ಸ್ಥಳೀಯರೇ ದಿನಾ ಬಳಸುವ ಬೇರೆ ದಾರಿಗಳು ಇವೆ, ಅವುಗಳಲ್ಲಿ ಲಿಂಗದ ತಲೆನೋವಿಲ್ಲ.

‘ಸೊಬ್ರಾರ್’ ಅನ್ನುವ ಕ್ರಿಯಾಪದ ‘ಮಿಕ್ಕುವುದು, ಹೆಚ್ಚಾಗಿ ಉಳಿಯುವುದು’ ಎನ್ನುತ್ತದೆ. ‘ಸೋಬ್ರಾ ಅರ್ರೋಸ್’, ಅನ್ನ ಮಿಕ್ಕಿದೆ. ‘ಸೋಬ್ರಾನ್ ದೋಸ್ ಸೀಯಾಸ್’, ಎರಡು ಕುರ್ಚಿ ಹೆಚ್ಚಿಗೆ ಇವೆ. ಒಂದೋ ಬಹಳವೋ ಅಂತ ನೋಡಿದರೆ ಸಾಕು. ‘ಉನ್ ಎಕ್ಸೇಸೊ ದೆ’, ಅಂದರೆ ‘ಇಂಥದ್ದರ ಅತಿ’, ಇದರ ನಂತರ ಯಾವ ನಾಮಪದ ಬೇಕಾದರೂ ಹಾಕಬಹುದು. ಸ್ವಲ್ಪ ಪುಸ್ತಕದ ಭಾಷೆ ಅನಿಸುತ್ತದೆ, ಆದರೆ ತಪ್ಪಾಗುವುದಿಲ್ಲ. ಕುಡಿದದ್ದು, ತಿಂದದ್ದು, ಮಾತಾಡಿದ್ದು ಜಾಸ್ತಿಯಾದರೆ ‘ಮಾಸ್ ದೆ ಲಾ ಕ್ವೇಂತಾ’, ಲೆಕ್ಕ ಮೀರಿ. ಅಂಗಡಿಯವರು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟರೆ ‘ದೆ ಮಾಸ್’: ಹತ್ತು ಯೂರೊ ಹೆಚ್ಚಿಗೆ ಬಂದಿದ್ದರೆ ‘ದ್ಯೇಸ್ ಏವ್ರೊಸ್ ದೆ ಮಾಸ್’. ಇದನ್ನು ಒಂದೇ ಪದವಾಗಿ ‘ದೆಮಾಸ್’ ಎಂದು ಬರೆದರೆ ‘ಉಳಿದವರು’ ಎಂದಾಗುತ್ತದೆ. ಮಾತಿನಲ್ಲಿ ವ್ಯತ್ಯಾಸ ಕೇಳಿಸದು, ಬರಹದಲ್ಲಿ ಎಚ್ಚರ ಬೇಕು.

ಅಡುಗೆ ಮನೆಯ ಮಾತು ‘ತೆ ಪಸಾಸ್ತೆ ಕೋನ್ ಲಾ ಸಾಲ್’. ಉಪ್ಪಿನ ವಿಷಯದಲ್ಲಿ ನೀನು ಮಿತಿ ದಾಟಿದೆ. ಇಲ್ಲಿ ‘ಲಾ’ ಗೊತ್ತಿರಬೇಕು ನಿಜ, ಆದರೆ ಕೇಳಲು ತುಂಬಾ ಸಹಜ. ಲ್ಯಾಟಿನ್ ಅಮೆರಿಕದಲ್ಲಿ ‘ಪಸಾಸ್ತೆ’ ಹೆಚ್ಚು ಕೇಳುತ್ತದೆ. ಸ್ಪೇನ್‌ನಲ್ಲಿ ಈಗಷ್ಟೇ ನಡೆದದ್ದಕ್ಕೆ ‘ತೆ ಆಸ್ ಪಸಾದೊ’ ಅನ್ನುತ್ತಾರೆ.

## ದೂರು ಅಲ್ಲದ ಜಾಸ್ತಿ

ಲ್ಯಾಟಿನ್ ಅಮೆರಿಕದ ಹಲವು ಕಡೆ, ಮುಖ್ಯವಾಗಿ ಆಪ್ತ ಮಾತಿನಲ್ಲಿ, ‘ದೆಮಸಿಯಾದೊ’ ತನ್ನ ‘ಮಿತಿ ಮೀರಿದ’ ಅರ್ಥ ಬಿಟ್ಟು ಬರೀ ‘ತುಂಬಾ’ ಆಗಿದೆ. ‘ತೆ ಕ್ಯೇರೊ ದೆಮಸಿಯಾದೊ’ ಅಂದರೆ ‘ನಿನ್ನನ್ನು ಬೇಕಾದ್ದಕ್ಕಿಂತ ಜಾಸ್ತಿ ಪ್ರೀತಿಸುತ್ತೇನೆ’ ಅಂತ ಗೊಣಗುವುದಲ್ಲ. ‘ನೀನಂದ್ರೆ ತುಂಬಾ ಇಷ್ಟ’ ಅಷ್ಟೇ. ಊಟ ‘ದೆಮಸಿಯಾದೊ ರೀಕೊ’ ಅಂದರೆ ರುಚಿ ಅತಿಯಾಯ್ತು ಅಂತ ಅಲ್ಲ, ಭಾರೀ ರುಚಿ. ಸ್ಪೇನ್‌ನಲ್ಲಿ ಬೆಳೆದವರ ಕಿವಿಗೆ ಇದು ಸ್ವಲ್ಪ ವಿಚಿತ್ರವಾಗಿ ಕೇಳಬಹುದು, ಏಕೆಂದರೆ ಅವರಿಗೆ ಈ ಪದದಲ್ಲಿ ಇನ್ನೂ ದೂರಿನ ವಾಸನೆ ಇದೆ. ನಮ್ಮಲ್ಲೂ ‘ವಿಪರೀತ ಚೆನ್ನಾಗಿದೆ’ ಅಂತ ಹೊಗಳುವವರು ಇದ್ದಾರೆ ಅಲ್ವಾ, ಹಾಗೆ.

ಅರ್ಥ ಊರಿಂದ ಊರಿಗೆ ಹೀಗೆ ಸಡಿಲವಾದರೂ ಹೊಂದಾಣಿಕೆಯ ನಿಯಮ ಸಡಿಲವಾಗಿಲ್ಲ. ಕೊಲಂಬಿಯಾದ ಬೊಗೊತಾದಲ್ಲಾಗಲಿ ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಾಗಲಿ, ‘ತೆ ಕ್ಯೇರೊ ದೆಮಸಿಯಾದೊ’ ಅನ್ನುವವರು ಅಜ್ಜಿ ಇರಬಹುದು, ಹೇಳಿಸಿಕೊಳ್ಳುವವಳು ಮೊಮ್ಮಗಳು ಇರಬಹುದು. ಪದ ಅಂಟಿಕೊಂಡಿರುವುದು ಕ್ರಿಯಾಪದಕ್ಕೆ, ಹಾಗಾಗಿ ಕೊನೆಯಲ್ಲಿ ‘ದೊ’.